ದೋಣಿಯ ಓಲಾಟ ತಡೆಯುವ ಫಿನ್‌ಗಳಿಗೆ ಹೊಸ ನಿಯಂತ್ರಕ: ಮೂರು ದಾರಿಗಳ ಹೋಲಿಕೆ

ವಾಷಿಂಗ್ಟನ್ ರಾಜ್ಯದ ಅನಕೋರ್ಟಿಸ್‌ನಲ್ಲಿ ದಕ್ಕೆಗೆ ಕಟ್ಟಿಹಾಕಿರುವ ನಮ್ಮ ದೋಣಿ 46 ಅಡಿ ಉದ್ದದ, 1980ರ ದಶಕದ ಟ್ರಾಲರ್ ಮಾದರಿಯದು. ಒಂದೇ ಡೀಸೆಲ್ ಎಂಜಿನ್, ಸುಮಾರು 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ವೇಗ, ನೀರಿನ ಮಟ್ಟದ ಕೆಳಗೆ ಎರಡೂ ಪಕ್ಕದಲ್ಲಿ ಒಂದೊಂದು ಫಿನ್, ಅಂದರೆ ಮೀನಿನ ರೆಕ್ಕೆಯಂತೆ ತಿರುಗುವ ಚಪ್ಪಟೆ ಹಲಗೆ. ದೋಣಿ ಬಲಕ್ಕೆ ವಾಲತೊಡಗಿದ ಕೂಡಲೇ ಬಲಗಡೆಯ ಫಿನ್ ಮೂತಿಯನ್ನು ಮೇಲಕ್ಕೆತ್ತಿ ಆ ಪಕ್ಕವನ್ನು ಎತ್ತುತ್ತದೆ, ಎಡಗಡೆಯದು ಮೂತಿ ತಗ್ಗಿಸಿ ಆ ಪಕ್ಕವನ್ನು ಅದುಮುತ್ತದೆ. ಈ ಉಪಾಯ ಹೊಸದಲ್ಲ. ಜಪಾನಿನ ಎಂಜಿನಿಯರ್ ಮೋಟೋರಾ ಅವರು 1923ರಲ್ಲೇ ಹಡಗಿಗೆ ಇಂಥ ಫಿನ್‌ಗಳನ್ನು ಜೋಡಿಸಿದ್ದರು. 1936ರಲ್ಲಿ ಇಂಗ್ಲಿಷ್ ಕಾಲುವೆಯ ‘ಐಲ್ ಆಫ್ ಸಾರ್ಕ್’ ಹಡಗಿಗೆ ಬ್ರಿಟನ್ನಿನ ಡೆನಿ ಮತ್ತು ಬ್ರೌನ್ ಕಂಪನಿಗಳ ಫಿನ್‌ಗಳು ಬಂದವು. ನಮ್ಮ ದೋಣಿಯಲ್ಲಿ ಫಿನ್, ದಂಡ, ಹೈಡ್ರಾಲಿಕ್ ಸಿಲಿಂಡರ್ ಎಲ್ಲವೂ ಗಟ್ಟಿಯಾಗಿದ್ದವು. ಮುಪ್ಪು ತಟ್ಟಿದ್ದು ಅವುಗಳಿಗೆ ಆಜ್ಞೆ ಕೊಡುವ ಎಲೆಕ್ಟ್ರಾನಿಕ್ಸ್‌ಗೆ ಮಾತ್ರ.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಹಳೆಯ ಗೈರೊ (ದೋಣಿ ವಾಲುವುದನ್ನು ಗ್ರಹಿಸುವ ತಿರುಗುಚಕ್ರ) ಮತ್ತು ಅನಲಾಗ್ ಸರ್ಕ್ಯೂಟ್ ಕಾರ್ಡನ್ನೇ ದುರಸ್ತಿ ಮಾಡಿಸುವುದು ಮೊದಲನೆಯದು; ಫಿನ್ ತಯಾರಿಸಿದ ಕಂಪನಿಯದೇ ಡಿಜಿಟಲ್ ನಿಯಂತ್ರಕವನ್ನು, ಅದರ ಜೊತೆಗೆ ಬರುವ ವಾಲ್ವ್ (ಫಿನ್ ತಿರುಗಿಸುವ ಸಿಲಿಂಡರ್‌ಗೆ ಎಣ್ಣೆ ಬಿಡುವ ಕವಾಟ) ಮತ್ತು ಸೆನ್ಸರ್‌ಗಳ ಸಮೇತ, ಕೂರಿಸುವುದು ಎರಡನೆಯದು; ಹಳೆಯ ವಾಲ್ವ್‌ಗಳನ್ನು ಹಾಗೆಯೇ ಉಳಿಸಿಕೊಂಡು ಬೇರೊಬ್ಬ ತಯಾರಕರ ನಿಯಂತ್ರಕವನ್ನು ಮಾತ್ರ ಸೇರಿಸುವುದು ಮೂರನೆಯದು. ಮೊದಲನೆಯದನ್ನು ಎರಡು ಬೇಸಿಗೆ ನಡೆಸಿ ನೋಡಿ, ಆಮೇಲೆ ಎರಡನೆಯದಕ್ಕೆ ಹೋದೆವು. ಮೂರನೆಯದು ನಮ್ಮದೇ ಮಾದರಿಯ ದೋಣಿಯಿರುವ ಗೆಳೆಯರೊಬ್ಬರ ಬಳಿ ಇದೆ. ಅವರೊಂದಿಗೆ ನಾಲ್ಕು ಸಲ ಪಯಣಿಸಿದ್ದೇನೆ. ಅಳತೆಗೆ ಎಲ್ಲ ಸಲವೂ ಒಂದೇ ಫೋನನ್ನು ಚುಕ್ಕಾಣಿ ಕೋಣೆಯ ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಅದರ ವಾಲುಕೋನದ ದಾಖಲೆಯನ್ನು ಇಟ್ಟುಕೊಂಡೆ. ಪ್ರಯೋಗಶಾಲೆಯ ನಿಖರತೆ ಇದರಲ್ಲಿಲ್ಲವೆಂಬುದು ನಿಜ, ಆದರೆ ಮೂರಕ್ಕೂ ತಕ್ಕಡಿ ಒಂದೇ.

ಹಳೆಯ ವ್ಯವಸ್ಥೆಯ ಕಾಯಿಲೆ ಏನೆಂದರೆ, ಸಮುದ್ರ ಶಾಂತವಾಗಿದ್ದಾಗಲೂ ಎಡಗಡೆಯ ಫಿನ್ ಮಧ್ಯಸ್ಥಾನದಲ್ಲಿ ಸುಮ್ಮನೆ ನಿಲ್ಲದೆ ಸೆಟೆದು ಸೆಟೆದು ಅಲುಗುತ್ತಿತ್ತು, ಪ್ರತಿ ಸೆಟೆತಕ್ಕೂ ಮಂಚದ ಕೆಳಗಿನಿಂದ ‘ಟಕ್’ ಎಂಬ ಸದ್ದು ಕೇಳಿಸುತ್ತಿತ್ತು. ಗೈರೊ ಕೆಟ್ಟಿದೆ ಎಂದು ನೋಡಿದವರೆಲ್ಲ ಹೇಳಿದರು, ನಾನೂ ಹಾಗೆಯೇ ನಂಬಿ ಅದನ್ನು ಬಿಚ್ಚಿ ದುರಸ್ತಿಗೆ ಕಳಿಸಿದೆ. ಆರು ವಾರದ ನಂತರ ಹೊಸ ಬೇರಿಂಗ್‌ನೊಂದಿಗೆ ಅದು ಮರಳಿ ಬಂತು, ‘ಟಕ್’ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಮುಳ್ಳಿರುವ ಹಳೆಯ ಮಲ್ಟಿಮೀಟರ್ ಒಂದನ್ನು ಫಿನ್‌ನ ಸ್ಥಾನ ತಿಳಿಸುವ ಪೊಟೆನ್ಶಿಯೋಮೀಟರ್‌ಗೆ ಜೋಡಿಸಿ, ಫಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಮುಳ್ಳು ಒಂದು ತುದಿಯಿಂದ ನುಣ್ಣಗೆ ಏರುತ್ತ ಬಂದು, ಸರಿಯಾಗಿ ನಡುವಿನಲ್ಲಿ ಎರಡು ಸಲ ಕುಪ್ಪಳಿಸಿ, ಮತ್ತೆ ನುಣ್ಣಗೆ ಮುಂದುವರಿಯಿತು. ಫಿನ್ ತನ್ನ ಆಯುಷ್ಯದ ಬಹುಪಾಲನ್ನು ಮಧ್ಯದ ಆಸುಪಾಸಿನಲ್ಲೇ ಕಳೆಯುವುದರಿಂದ ಪೊಟೆನ್ಶಿಯೋಮೀಟರ್‌ನ ಒಳಗಿನ ಪಟ್ಟಿ ಅಲ್ಲೇ ಸವೆದಿತ್ತು. ಗೈರೊ ದುರಸ್ತಿಯ ಬಿಲ್ಲಿನ ಹತ್ತನೇ ಒಂದು ಭಾಗವೂ ಇಲ್ಲದ ಆ ಬಿಡಿಭಾಗವನ್ನು ಬದಲಿಸಿದೊಡನೆ ಸದ್ದು ನಿಂತಿತು. ನಿಯಂತ್ರಕ ಯಾವುದೇ ಇರಲಿ, ಸ್ಥಾನ ತಿಳಿಸುವ ಸೆನ್ಸರ್ ಸುಳ್ಳು ಹೇಳುತ್ತಿದ್ದರೆ ಅದು ಸುಳ್ಳಿಗೆ ತಕ್ಕ ಹಾಗೆಯೇ ಆಜ್ಞೆ ಕೊಡುತ್ತದೆ.

ಹೀಗೆ ಸರಿಹೋದ ಹಳೆಯ ವ್ಯವಸ್ಥೆಯೊಂದಿಗೆ ಪೋರ್ಟ್ ಏಂಜೆಲಿಸ್‌ನಿಂದ ಕೆನಡಾದ ವಿಕ್ಟೋರಿಯಾಕ್ಕೆ ಹುವಾನ್ ಡಿ ಫುಕಾ ಜಲಸಂಧಿಯನ್ನು ಅಡ್ಡಹಾಯ್ದೆವು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಪಡುಗಾಳಿ ಬಲವಾಗಿ ಬೀಸುತ್ತದೆ; ಇಳಿತದ ನೀರು ಅದಕ್ಕೆ ಎದುರಾಗಿ ಹರಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ, ಉತ್ತರಕ್ಕೆ ಹೋಗುವ ದೋಣಿಗೆ ಅವೆಲ್ಲವೂ ಪಕ್ಕೆಗೇ ಬಡಿಯುತ್ತವೆ. ಫಿನ್ ನಿಲ್ಲಿಸಿದಾಗ ಎರಡೂ ಬದಿಗೆ 14–15 ಡಿಗ್ರಿ ವಾಲುತ್ತಿದ್ದ ದೋಣಿ, ಫಿನ್ ನಡೆಯುವಾಗ 4 ಡಿಗ್ರಿಯೊಳಗೆ ನಿಂತಿತು. ಮುಂದಿನ ವರ್ಷ ಹೊಸ ಡಿಜಿಟಲ್ ನಿಯಂತ್ರಕದೊಂದಿಗೆ ಅದೇ ಹಾದಿಯಲ್ಲಿ, ಹೆಚ್ಚುಕಡಿಮೆ ಅದೇ ಗಾಳಿಯಲ್ಲಿ ಅಳೆದಾಗ ಸಿಕ್ಕಿದ್ದು 3 ಡಿಗ್ರಿ. ಅಷ್ಟೊಂದು ಹಣ ಸುರಿದವನಿಗೆ ಇದು ಸಂತೋಷದ ಸುದ್ದಿಯಲ್ಲ, ಆದರೂ ಹೇಳಲೇಬೇಕು: ನಿಗದಿತ ವೇಗದಲ್ಲಿ, ಪಕ್ಕೆಯ ಅಲೆಯಲ್ಲಿ, ದೋಣಿ ವಾಲುವ ವೇಗವನ್ನಷ್ಟೇ ಗ್ರಹಿಸುವ ಹಳೆಯ ಗೈರೊ ಹೊಸದಕ್ಕಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ. ಓಲಾಟವನ್ನು ತಗ್ಗಿಸಲು ಮುಖ್ಯವಾಗಿ ಬೇಕಿರುವುದು ಆ ವೇಗದ ಅರಿವೇ.

ವ್ಯತ್ಯಾಸ ಕಾಣಿಸಿದ್ದು ವೇಗ ಇಳಿಸಿದಾಗ. ಫಿನ್‌ನ ಬಲ ದೋಣಿಯ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, 8 ನಾಟ್‌ನಿಂದ 6 ನಾಟ್‌ಗೆ ಇಳಿದರೆ ಅದೇ ಕೋನದಲ್ಲಿ ಸಿಗುವ ಬಲ ಸುಮಾರು 56 ಶೇಕಡಕ್ಕೆ ಕುಸಿಯುತ್ತದೆ. ಹಳೆಯದರಲ್ಲಿ ಪ್ರತಿ ಸಲವೂ ನಾನೇ ಎದ್ದುಹೋಗಿ ಗುಂಡಿ ತಿರುಗಿಸಿ ಫಿನ್‌ನ ಚಲನೆಯನ್ನು ಹೆಚ್ಚಿಸಬೇಕಿತ್ತು, ವೇಗ ಏರಿಸಿದಾಗ ಮರೆಯದೆ ತಗ್ಗಿಸಬೇಕಿತ್ತು. ಹೊಸದು ಜಿಪಿಎಸ್‌ನಿಂದ ವೇಗವನ್ನು ಓದಿಕೊಂಡು ಇದನ್ನು ತಾನೇ ಮಾಡುತ್ತದೆ. ಇಲ್ಲಿ ಒಂದು ಕೊಂಕು ಇದೆ: ಜಿಪಿಎಸ್ ಹೇಳುವುದು ನೆಲಕ್ಕೆ ಹೋಲಿಸಿದ ವೇಗ, ಫಿನ್‌ಗೆ ಬೇಕಾದದ್ದು ನೀರಿನಲ್ಲಿನ ವೇಗ. ರೊಸಾರಿಯೊ ಜಲಸಂಧಿಯಲ್ಲಿ 3 ನಾಟ್ ಸೆಳೆತ ಹಿಂದಿನಿಂದ ತಳ್ಳುವಾಗ ನಿಯಂತ್ರಕ ನಮ್ಮನ್ನು 11 ನಾಟ್‌ನ ದೋಣಿಯೆಂದು ಭಾವಿಸಿ ಫಿನ್‌ಗಳನ್ನು ಬಿಗಿಹಿಡಿಯಿತು. ನೀರಿನ ವೇಗ ಅಳೆಯುವ ಗಾಲಿಯ ತಂತಿಯನ್ನು ಅದಕ್ಕೆ ಜೋಡಿಸಿದ ಮೇಲೆ ಇದು ಸರಿಯಾಯಿತು.

ಹಿಂಗೇರು ಹಾಕುವ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ದೋಣಿ ಹಿಂದಕ್ಕೆ ಚಲಿಸುವಾಗ ನೀರು ಫಿನ್‌ನ ಹಿಂಬದಿಯಿಂದ ಬಡಿಯುವುದರಿಂದ ಅದು ತನ್ನ ತಾನೇ ಒಂದು ಕಡೆಗೆ ಪೂರ್ತಿ ತಿರುಗಿಕೊಳ್ಳಲು ನೋಡುತ್ತದೆ. ಹಾಗಾಗಿ ಮೊದಲೇ ಅದನ್ನು ಮಧ್ಯಕ್ಕೆ ತಂದು ಹಿಡಿದಿಡಬೇಕು. ಹಳೆಯದರಲ್ಲಿ ಆ ಕೆಲಸ ನನ್ನ ನೆನಪಿನ ಮೇಲೆ ನಿಂತಿತ್ತು, ಪೋರ್ಟ್ ಟೌನ್‌ಸೆಂಡ್‌ನಲ್ಲಿ ದಕ್ಕೆಗೆ ಹತ್ತುವ ಅವಸರದಲ್ಲಿ ಒಮ್ಮೆ ಮರೆತೂ ಇದ್ದೆ. ಎರಡನೆಯ ಮತ್ತು ಮೂರನೆಯ ದಾರಿಗಳಲ್ಲಿ ಗೇರ್‌ಬಾಕ್ಸ್‌ನಿಂದ ಬರುವ ಒಂದು ತಂತಿಯೇ ಈ ಕೆಲಸ ನೋಡಿಕೊಳ್ಳುತ್ತದೆ.

ಈಗ ಮೂರನೆಯ ದಾರಿ. ಗೆಳೆಯರು ತಂದ ನಿಯಂತ್ರಕದ ಪರದೆ ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿದೆ, ಬಿಸಿಲಿನಲ್ಲೂ ಓದಬಹುದು, ಬೆಲೆಯೂ ಸುಮಾರು ಅರ್ಧ. ಆದರೆ ಅವರ ಹಳೆಯ ವಾಲ್ವ್‌ಗಳು ಪೂರ್ತಿ ತೆರೆಯುವ ಇಲ್ಲವೇ ಪೂರ್ತಿ ಮುಚ್ಚುವ ಬಗೆಯವು. ಹೊಸ ನಿಯಂತ್ರಕವೋ ಕ್ಷಣಕ್ಷಣಕ್ಕೂ ಸಣ್ಣಸಣ್ಣ ತಿದ್ದುಪಡಿಗಳನ್ನು ಬಯಸುವಂಥದ್ದು. ಪರಿಣಾಮವಾಗಿ ಫಿನ್ ಗುರಿಯನ್ನು ದಾಟಿ ಹೋಗಿ, ಮರಳಿ, ಮತ್ತೆ ದಾಟುತ್ತ ತಡಕಾಡುತ್ತದೆ. ಹುವಾನ್ ಡಿ ಫುಕಾ ಜಲಸಂಧಿಯ ಪಶ್ಚಿಮ ತುದಿಯ ನೀಯಾ ಬೇಯಿಂದ ಪೂರ್ವಕ್ಕೆ ಮರಳುವಾಗ ಅಲೆಗಳು ಹಿಂದಿನಿಂದ ಬರುತ್ತಿದ್ದವು. ಒಂದೊಂದು ತಡಕಾಟಕ್ಕೂ ದೋಣಿಯ ಮೂತಿ ಒಂದಿಷ್ಟು ಆಚೀಚೆ ಸರಿಯಿತು, ಅದನ್ನು ತಿದ್ದಲು ಆಟೊಪೈಲಟ್ ಚುಕ್ಕಾಣಿ ತಿರುಗಿಸಿತು, ಚುಕ್ಕಾಣಿಯಿಂದ ಹುಟ್ಟಿದ ವಾಲಿಕೆಯನ್ನು ಫಿನ್ ಮತ್ತೆ ತಿದ್ದಲು ಹೊರಟಿತು. ಒಂದು ಗಂಟೆ ಈ ಜಗಳ ನೋಡಿ, ಕೊನೆಗೆ ಆಟೊಪೈಲಟ್ ಆರಿಸಿ ಸರದಿಯಂತೆ ನಾವೇ ಚುಕ್ಕಾಣಿ ಹಿಡಿದೆವು. ಇನ್ನೊಂದು ತೊಂದರೆ ವಿದ್ಯುತ್ತಿನದು: ಬೌ ಥ್ರಸ್ಟರ್ (ದೋಣಿಯ ಮೂತಿಯನ್ನು ಪಕ್ಕಕ್ಕೆ ತಳ್ಳುವ ವಿದ್ಯುತ್ ಪ್ರೊಪೆಲರ್) ಗುಂಡಿ ಒತ್ತಿದೊಡನೆ ಬ್ಯಾಟರಿಯ 12 ವೋಲ್ಟ್ ಒತ್ತಡ ಕುಸಿದು ನಿಯಂತ್ರಕ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದಕ್ಕೆ ಬೇರೆ ಬ್ಯಾಟರಿಯಿಂದ ತಂತಿ ಎಳೆದ ಮೇಲೆ ಆ ಕಾಟ ತಪ್ಪಿತು.

ನಮ್ಮದರ ಜೋಡಣೆಯೂ ಸಲೀಸಾಗಿರಲಿಲ್ಲ. ತಿರುಗುವ ಭಾಗಗಳಿಲ್ಲದ ಹೊಸ ಸೆನ್ಸರ್ ಅಂಗೈಯಷ್ಟಿದೆ, ಹಳೆಯ ಗೈರೊದ ಕೊರೆಯುವ ಸದ್ದೂ ಇಲ್ಲ, ಅದು ವೇಗ ಹಿಡಿಯಲೆಂದು ಕಾಯುವ ಕೆಲಸವೂ ಇಲ್ಲ. ಆದರೆ ಅದನ್ನು ದೋಣಿಯ ಉದ್ದಕ್ಕೆ ನೇರವಾಗಿ ಕೂರಿಸಬೇಕು. ತಂತ್ರಜ್ಞರು ಅದನ್ನು ಬಿಗಿದ ಹಲಗೆ 4 ಡಿಗ್ರಿ ಓರೆಯಾಗಿತ್ತು, ಹಾಗಾಗಿ ದೋಣಿಯ ಮೂತಿ ಏರಿಳಿಯುವ ಚಲನೆಯ ಸುಮಾರು 7 ಶೇಕಡ ಓಲಾಟವೆಂದು ಲೆಕ್ಕಕ್ಕೆ ಬಂದು, ಎದುರಲೆಯಲ್ಲಿ ಫಿನ್‌ಗಳು ಕಾರಣವಿಲ್ಲದೆ ಆಡುತ್ತಿದ್ದವು. ಹಲಗೆಯಡಿ ಬೆಣೆ ಕೊಟ್ಟು ನೇರಮಾಡಿದೆವು. ದೋಣಿಯ ಸಹಜ ಓಲಾಟದ ಅವಧಿಯನ್ನೂ ನಿಯಂತ್ರಕಕ್ಕೆ ತಿಳಿಸಬೇಕಿತ್ತು. ದಕ್ಕೆಯ ಮೇಲೆ ಇಬ್ಬರು ನಿಂತು, ಕಟಕಟೆ ಹಿಡಿದು ತಾಳಕ್ಕೆ ಸರಿಯಾಗಿ ದೋಣಿಯನ್ನು ಎಳೆದು ಬಿಟ್ಟು ತೂಗಿಸಿದರು, ನಾನು ಗಡಿಯಾರ ಹಿಡಿದು ಹತ್ತು ಓಲಾಟ ಎಣಿಸಿದೆ: 45 ಸೆಕೆಂಡ್, ಅಂದರೆ ಒಂದಕ್ಕೆ ನಾಲ್ಕೂವರೆ.

ಪೂರ್ತಿ ಖರ್ಚು ಗೈರೊ ದುರಸ್ತಿಯ ಸುಮಾರು ಆರು ಪಟ್ಟು ಆಯಿತು. ಸಂಜೆಯೊಳಗೆ ಮರಳುವ ಪಯಣಗಳಷ್ಟೇ ನಮ್ಮದಾಗಿದ್ದರೆ ನಾನು ಪೊಟೆನ್ಶಿಯೋಮೀಟರ್ ಬದಲಿಸಿ ಸುಮ್ಮನಿರುತ್ತಿದ್ದೆ. ಕೆನಡಾ ಕರಾವಳಿಯ ಕೇಪ್ ಕಾಶನ್ ಭೂಶಿರ ದಾಟಿ ಉತ್ತರಕ್ಕೆ ಹೋಗುವಾಗ ಪೆಸಿಫಿಕ್‌ನ ಉದ್ದಲೆಗಳು ಯಾವ ಅಡ್ಡಿಯೂ ಇಲ್ಲದೆ ಬರುತ್ತವೆ, ತೇಲುಮರಗಳಿಗೆ ಹೆದರಿ ವೇಗವನ್ನು ಪದೇ ಪದೇ ಬದಲಿಸಬೇಕಾಗುತ್ತದೆ. ಅಂಥ ದಿನಗಳಿಗಾಗಿ ಎರಡನೆಯ ದಾರಿಯನ್ನೇ ಮತ್ತೆ ಆರಿಸುತ್ತೇನೆ. ಗೆಳೆಯರು ಈ ಚಳಿಗಾಲದಲ್ಲಿ ದೋಣಿಯನ್ನು ಮೇಲಕ್ಕೆತ್ತಿಸಿದಾಗ, ಆಜ್ಞೆಗೆ ತಕ್ಕಷ್ಟೇ ತೆರೆಯುವ ವಾಲ್ವ್‌ಗಳನ್ನು ಹಾಕಿಸಲಿದ್ದಾರೆ. ಆಮೇಲೆ ಅದೇ ಫೋನನ್ನು ಅವರ ನೆಲಕ್ಕೆ ಅಂಟಿಸಿಕೊಂಡು ನೀಯಾ ಬೇಯಿಂದ ಇನ್ನೊಮ್ಮೆ ಮರಳಿ ಬರುವ ಯೋಚನೆ ಇದೆ.