ಗೇಮ್ ಸೌಂಡ್‌ಟ್ರ್ಯಾಕ್ ಆಲ್ಬಮ್‌ಗಳು: ಒಂಬತ್ತು ವರ್ಷ ಕೇಳಿದ ಮೇಲೆ

ಕ್ರೋನೋ ಟ್ರಿಗರ್ ಆಟದ ಸಂಗೀತದ ಆಲ್ಬಮ್ ಕೊಂಡು ಒಂಬತ್ತು ವರ್ಷ ಆಯಿತು. ಮೂರು ಸಿಡಿ, 64 ಟ್ರ್ಯಾಕ್. ಆಮೇಲೆ ಜರ್ನಿ ಬಂತು, ಮೈನ್‌ಕ್ರಾಫ್ಟ್ ಬಂತು, ಇನ್ನೂ ಹತ್ತಾರು ಬಂದವು. ಎಷ್ಟೋ ಆಲ್ಬಮ್‌ಗಳನ್ನು ಒಂದು ತಿಂಗಳು ಕೇಳಿ ಬಿಟ್ಟೆ. ಈ ಮೂರನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಆಲ್ಬಮ್ ಕೊಂಡ ವಾರವೇ ಬರೆದ ವಿಮರ್ಶೆಗಳನ್ನು ನೋಡಿ, ಎಲ್ಲದಕ್ಕೂ ಐದು ಸ್ಟಾರ್ ಇರುತ್ತದೆ. ಆಟ ಮುಗಿಸಿದ ಖುಷಿ ಇನ್ನೂ ಹಸಿಯಾಗಿರುತ್ತದೆ ಅಲ್ವಾ. ಆ ಖುಷಿ ಆರಿದ ಮೇಲೂ ಯಾವುದು ಕಿವಿಯಲ್ಲಿ ಉಳಿಯುತ್ತದೆ ಎಂದು ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಸಿನಿಮಾ ಹಾಡು ಎಷ್ಟು ಹೊತ್ತಿಗೆ ಮುಗಿಯಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಹಾಗಿಲ್ಲ. ಒಬ್ಬರು ಒಂದು ಹಳ್ಳಿಯನ್ನು ಎರಡು ನಿಮಿಷದಲ್ಲಿ ದಾಟುತ್ತಾರೆ. ಇನ್ನೊಬ್ಬರು ದಾರಿ ಸಿಗದೆ ಒಂದು ಗಂಟೆ ಅಲ್ಲೇ ಸುತ್ತುತ್ತಾರೆ. ಇಬ್ಬರಿಗೂ ಕೇಳಿಸುವುದು ಅದೇ ಒಂದೂವರೆ ನಿಮಿಷದ ಟ್ಯೂನ್, ಮತ್ತೆ ಮತ್ತೆ. ಅದರ ಕೊನೆ ಅದರ ಶುರುವಿಗೆ ಸರಾಗವಾಗಿ ಕೂಡಬೇಕು. ನೂರನೇ ಸುತ್ತಿನಲ್ಲೂ ಕಿರಿಕಿರಿ ಆಗಬಾರದು. ಈ ಕೆಲಸವನ್ನು ಚೆನ್ನಾಗಿ ಮಾಡಿದವರ ಸಂಗೀತವೇ ನನ್ನ ಹತ್ತಿರ ಬಾಳಿಕೆ ಬಂದಿದೆ.

ಕ್ರೋನೋ ಟ್ರಿಗರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಈ ಆಟ ಸೂಪರ್ ನಿಂಟೆಂಡೋ ಅನ್ನುವ ಗೇಮ್ ಯಂತ್ರಕ್ಕೆ ಬಂದದ್ದು 1995ರಲ್ಲಿ, ಜಪಾನಿನ ಸ್ಕ್ವೇರ್ ಕಂಪನಿಯಿಂದ. ಸಂಗೀತ ಯಾಸುನೋರಿ ಮಿತ್ಸುದಾ ಅವರದು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಅಲ್ಲಿಯವರೆಗೆ ಅವರು ಮಾಡುತ್ತಿದ್ದದ್ದು ಹೆಚ್ಚಾಗಿ ಸೌಂಡ್ ಎಫೆಕ್ಟ್ ಕೆಲಸ. ಸಂಗೀತ ಮಾಡಲು ಬಿಡದಿದ್ದರೆ ಕೆಲಸ ಬಿಡುತ್ತೇನೆ ಎಂದು ಅವರು ಕಂಪನಿಯ ಮೇಲಧಿಕಾರಿ ಹಿರೊನೊಬು ಸಕಾಗುಚಿ ಅವರ ಮುಂದೆ ಹೇಳಿಬಿಟ್ಟರು. ಹಾಗೆ ಕೈಗೆ ಸಿಕ್ಕಿದ್ದು ಈ ಆಟ. ಸ್ಟುಡಿಯೋದಲ್ಲೇ ಮಲಗಿ ಎದ್ದು ದುಡಿದರು. ನಡುವೆ ಹಾರ್ಡ್ ಡ್ರೈವ್ ಕೆಟ್ಟು ನಲವತ್ತರಷ್ಟು ಟ್ಯೂನ್‌ಗಳು ಹೋದವು. ಕೊನೆಗೆ ಹೊಟ್ಟೆಹುಣ್ಣಿನಿಂದ ಆಸ್ಪತ್ರೆ ಸೇರಿದರು. ಉಳಿದ ಟ್ಯೂನ್‌ಗಳನ್ನು ಮುಗಿಸಿಕೊಟ್ಟವರು ಫೈನಲ್ ಫ್ಯಾಂಟಸಿ ಆಟಗಳಿಗೆ ಸಂಗೀತ ಮಾಡಿದ ನೊಬುವೊ ಉಎಮಾತ್ಸು. ಆಟ ಮುಗಿದಾಗ ಬರುವ ‘ಟು ಫಾರ್ ಅವೇ ಟೈಮ್ಸ್’ ಟ್ಯೂನ್ ತಮಗೆ ಕನಸಿನಲ್ಲಿ ಸಿಕ್ಕಿದ್ದು ಎಂದು ಮಿತ್ಸುದಾ ಹೇಳಿಕೊಂಡಿದ್ದಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇಷ್ಟು ಒದ್ದಾಟದಲ್ಲಿ ಹುಟ್ಟಿದ ಸಂಗೀತದಲ್ಲಿ ಅವಸರದ ಗುರುತೇ ಇಲ್ಲ. ಆ ಯಂತ್ರದ ಸೌಂಡ್ ಚಿಪ್‌ಗೆ ಇದ್ದ ಮೆಮೊರಿ ಬರೀ 64 ಕಿಲೋಬೈಟ್. ಒಂದು ಸಲಕ್ಕೆ ಎಂಟೇ ದನಿ. ವಾದ್ಯಗಳ ಸ್ಯಾಂಪಲ್, ಸ್ವರಗಳ ಲೆಕ್ಕ, ಕತ್ತಿಯ ಸದ್ದು ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು. ಎಕೋ ಬೇಕು ಅಂದರೆ ಅದಕ್ಕೂ ಅಲ್ಲಿಂದಲೇ ಜಾಗ ಕೊಡಬೇಕು. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಇಷ್ಟು ಇಕ್ಕಟ್ಟಿನಲ್ಲಿ ಸುಮ್ನೆ ತುಂಬಿಸುವ ಸ್ವರಗಳಿಗೆ ಜಾಗವೇ ಇರುವುದಿಲ್ಲ. ‘ಕಾರಿಡಾರ್ಸ್ ಆಫ್ ಟೈಮ್’ ಕೇಳಿ. ಸಿತಾರ್‌ನಂಥ ಒಂದು ದನಿ ಮೇಲೆ ಹಾಡುತ್ತದೆ, ಕೆಳಗೆ ಸಣ್ಣ ಸಣ್ಣ ಸ್ವರಗಳು ಸುತ್ತುತ್ತಲೇ ಇರುತ್ತವೆ. ಮೊದಲ ಎರಡು ವರ್ಷ ನಾನು ಕೇಳಿದ್ದು ಬರೀ ಸಿತಾರ್ ದನಿ. ಒಳ್ಳೆಯ ಹೆಡ್‌ಫೋನ್ ಬಂದ ಮೇಲೆ ಕೆಳಗಿನ ಬೇಸ್ ಕಡೆ ಕಿವಿ ಹೋಯಿತು. ಈಗ ಬೇಸ್ ಜೊತೆಗೇ ಗುನುಗುತ್ತೇನೆ. ‘ವಿಂಡ್ ಸೀನ್’ ಅಂತ ಇನ್ನೊಂದಿದೆ. ಅದರಲ್ಲಿ ಇರುವ ಬೇಸರ ಯಾವುದರ ಬಗ್ಗೆ ಅಂತ ಆಟದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಮೊದಲ ಹತ್ತು ಸೆಕೆಂಡಿಗೇ ಗಂಟಲು ಕಟ್ಟುತ್ತದೆ.

ಕೊಳ್ಳುವವರಿಗೆ ಇಲ್ಲಿ ಒಂದು ಮಾತು. ಇಂಥ ಹಳೆಯ ಆಟಗಳ ಆಲ್ಬಮ್‌ನಲ್ಲಿ ಟ್ಯೂನ್ ಸಾಮಾನ್ಯವಾಗಿ ಎರಡು ಸುತ್ತು ಬಂದು ಮೆಲ್ಲಗೆ ಅಡಗುತ್ತದೆ. ಆಟದಲ್ಲಿ ಕೊನೆಯಿಲ್ಲದೆ ಕೇಳಿದ್ದು ಇಲ್ಲಿ ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ. ಮೊದಲು ನನಗೆ ಇದು ಕೊರತೆ ಅನ್ನಿಸಿತ್ತು. ಈಗ ಅಭ್ಯಾಸವಾಗಿದೆ. ಬೇಕೆಂದರೆ ರಿಪೀಟ್ ಒತ್ತುತ್ತೇನೆ, ಆದರೆ ಹಾಗೆ ಅಡಗಿದಾಗ ಕೊನೆ ಶುರುವಿಗೆ ಕೂಡುವ ಜಾಗ ಕಳೆದುಹೋಗುತ್ತದೆ. ಪಲ್ಲವಿಗೆ ಮರಳುವ ಹೊತ್ತಿಗೆ ಹಾಡುಗಾರ ಎದ್ದು ಹೋದ ಹಾಗೆ.

ಆರ್ಕೆಸ್ಟ್ರಾ ರೂಪಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಎರಡು ಮೂರು ಕೊಂಡಿದ್ದೇನೆ. ಮೊದಲ ಸಲ ಕೇಳಿದಾಗ ಮೈ ಜುಂ ಅಂದಿತು. ಆದರೆ ಮತ್ತೆ ಮತ್ತೆ ಕೈ ಹೋಗುವುದು ಚಿಪ್‌ನಿಂದ ಬಂದ ಮೂಲ ರೂಪದ ಕಡೆಗೇ. ಆರ್ಕೆಸ್ಟ್ರಾದಲ್ಲಿ ಟ್ಯೂನಿನ ಸುತ್ತ ತುಂಬ ಬಟ್ಟೆ ತೊಡಿಸಿರುತ್ತಾರೆ. ಮೊದಲು ಮೂಲ ಕೊಳ್ಳಿ. ಪ್ರೀತಿ ಉಳಿದರೆ ಒಂದು ವರ್ಷದ ನಂತರ ಆರ್ಕೆಸ್ಟ್ರಾ ನೋಡಿ. ಇದಕ್ಕೆ ಒಂದು ಹೊರತು ಇದೆ: ಯೋಕೋ ಶಿಮೊಮುರಾ. 1991ರ ಸ್ಟ್ರೀಟ್ ಫೈಟರ್ 2 ಆಟದ ಅಬ್ಬರದ ಟ್ಯೂನ್‌ಗಳಲ್ಲಿ ಹೆಚ್ಚಿನವು ಅವರವೇ. ಅದೇ ಕೈ ಕಿಂಗ್‌ಡಮ್ ಹಾರ್ಟ್ಸ್‌ಗೆ ‘ಡಿಯರ್ಲಿ ಬಿಲವ್ಡ್’ ಬರೆಯಿತು. ಆ ಸರಣಿಯ ಒಂದೊಂದು ಆಟದ ಶುರುವಿನಲ್ಲೂ ಅದು ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಪಿಯಾನೋದಲ್ಲಿ ಕೇಳಿ, ಆರ್ಕೆಸ್ಟ್ರಾದಲ್ಲಿ ಕೇಳಿ, ಆ ಟ್ಯೂನ್ ಎಲ್ಲ ಕಡೆಯೂ ಗಟ್ಟಿಯಾಗಿ ನಿಲ್ಲುತ್ತದೆ.

ಜರ್ನಿ ಬೇರೆ ಜಾತಿಯದು. 2012ರ ಆಟ, ಸಂಗೀತ ಆಸ್ಟಿನ್ ವಿಂಟರಿ. ಮರಳುಗಾಡಿನಲ್ಲಿ ಒಂದು ಬೆಟ್ಟದ ಕಡೆ ನಡೆಯುವುದೇ ಆಟ. ಮಾತಿಲ್ಲ. ಇಲ್ಲಿ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ದನಿ ಅಂದರೆ ಆಟ ಆಡುವವರೇ. ಶುರುವಿನ ‘ನೇಸೆನ್ಸ್’ ಟ್ರ್ಯಾಕ್‌ನಲ್ಲಿ ಅದು ಒಂಟಿಯಾಗಿ ಒಂದು ಟ್ಯೂನ್ ನುಡಿಸುತ್ತದೆ. ಮುಂದಿನ ಒಂದು ಗಂಟೆಯಷ್ಟು ಸಂಗೀತ ಹೆಚ್ಚುಕಮ್ಮಿ ಆ ಟ್ಯೂನಿನಿಂದಲೇ ಬೆಳೆಯುತ್ತದೆ. ರಾಗದ ಆಲಾಪ ಕೇಳಿ ಬೆಳೆದವರಿಗೆ ಇದು ತಕ್ಷಣ ಹಿಡಿಸುತ್ತದೆ, ಏಕೆಂದರೆ ಒಂದೇ ಎಳೆಯನ್ನು ಹಿಡಿದು ತಾಳ್ಮೆಯಿಂದ ಮೇಲೇರುವ ಸುಖ ಇಲ್ಲೂ ಇದೆ. ಕೊನೆಯ ಹತ್ತಿರ ಬರುವ ‘ಅಪೋಥಿಯೋಸಿಸ್’ನಲ್ಲಿ ಆ ಎಳೆ ಆಕಾಶಕ್ಕೆ ಏರುತ್ತದೆ. ಆದರೆ ಅದೊಂದನ್ನೇ ಪ್ಲೇಲಿಸ್ಟ್‌ಗೆ ಹಾಕಬೇಡಿ. ಮೊದಲ ಚೆಲ್ಲೋ ಕೇಳದೆ ಅದನ್ನು ಕೇಳಿದರೆ ಅರ್ಧ ಮಾತ್ರ ದಕ್ಕುತ್ತದೆ. ಗ್ರ್ಯಾಮಿಯಲ್ಲಿ ಸಿನಿಮಾ ಸಂಗೀತದ ಜೊತೆ ಒಂದೇ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಮೊದಲ ಗೇಮ್ ಆಲ್ಬಮ್ ಇದೇ. ಆ ಗೌರವ ಸಲ್ಲಬೇಕಾದ್ದೇ.

ಮೈನ್‌ಕ್ರಾಫ್ಟ್‌ನ ‘ವಾಲ್ಯೂಮ್ ಆಲ್ಫಾ’ 2011ರದು. ಸಿ418 ಅನ್ನುವ ಹೆಸರಿನಲ್ಲಿ ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್ ಮಾಡಿದ್ದು. ಆಟದಲ್ಲಿ ಸಂಗೀತ ಯಾವಾಗಲೂ ಇರುವುದಿಲ್ಲ. ಎಷ್ಟೋ ನಿಮಿಷ ಮೌನ. ಕಲ್ಲು ಒಡೆಯುವ ಸದ್ದು, ಮಳೆ. ಆಮೇಲೆ ಎಲ್ಲಿಂದಲೋ ಎರಡು ಪಿಯಾನೋ ಸ್ವರ. ‘ಸ್ವೀಡನ್’ ಟ್ರ್ಯಾಕ್ ಅಷ್ಟು ಜನರ ಮನಸ್ಸಿಗೆ ತಟ್ಟಿದ್ದು ಈ ಮೌನದ ದೆಸೆಯಿಂದ ಅನ್ನುವುದು ನನ್ನ ನಂಬಿಕೆ. ಆಲ್ಬಮ್‌ನಲ್ಲಿ ಆ ಮೌನ ಇಲ್ಲ. ಟ್ರ್ಯಾಕ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಆಟದಲ್ಲಿ ಇಲ್ಲದ ಕೆಲವು ಟ್ರ್ಯಾಕ್‌ಗಳೂ ಸೇರಿವೆ, ಅವು ಉಳಿದವುಗಳ ಜೊತೆ ಅಷ್ಟಾಗಿ ಬೆರೆಯುವುದಿಲ್ಲ. ಓದುವಾಗ, ಬರೆಯುವಾಗ ಹಾಕಿಕೊಳ್ಳಲು ಮಾತ್ರ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು. ಆ ಪಟ್ಟಿಗೆ 2023ರಲ್ಲಿ ಮೊದಲು ಸೇರಿದ ಗೇಮ್ ಸಂಗೀತ ಕೋಜಿ ಕೊಂಡೋ ಅವರ ಸೂಪರ್ ಮಾರಿಯೋ ಟ್ಯೂನ್. ಅದನ್ನು ಓದಿದ ದಿನ ನನಗೆ ನಮ್ಮ ಮನೆಯವರಿಗೇ ಬಹುಮಾನ ಬಂದಷ್ಟು ಸಂತೋಷವಾಯಿತು.

ಇನ್ನು ಸ್ಟ್ರೀಮಿಂಗ್ ವಿಷಯ. ನಡುವೆ ಎರಡು ವರ್ಷ ಒಂದು ಸ್ಟ್ರೀಮಿಂಗ್ ಸೇವೆಯನ್ನೇ ನಂಬಿದ್ದೆ. ಇನ್ನೂರಕ್ಕೂ ಹೆಚ್ಚು ಗೇಮ್ ಟ್ಯೂನ್‌ಗಳ ಪ್ಲೇಲಿಸ್ಟ್ ಮಾಡಿದ್ದೆ. ಒಂದು ಬೆಳಿಗ್ಗೆ ತೆರೆದರೆ ಅದರಲ್ಲಿ ನಲವತ್ತು ಟ್ಯೂನ್ ಬೂದುಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ಬರಲಿಲ್ಲ. ಯಾವ ಸೂಚನೆಯೂ ಇಲ್ಲ. ಪತ್ರ ಬರೆದರೆ ‘ಹಕ್ಕು ಮುಗಿದಿದೆ’ ಎಂದು ಒಂದು ಸಾಲಿನ ಉತ್ತರ. ಗೇಮ್ ಸಂಗೀತದ ಹಕ್ಕು ಹೆಚ್ಚಾಗಿ ಕಂಪನಿಗಳ ಕೈಯಲ್ಲಿರುತ್ತದೆ, ಒಂದು ಒಪ್ಪಂದ ಮುಗಿದರೆ ಇಡೀ ಆಲ್ಬಮ್ ಮಾಯ. ಇನ್ನೊಂದು ತೊಂದರೆ, ಹೆಸರು ಹುಡುಕಿದರೆ ಯಾರೋ ನುಡಿಸಿದ ಕವರ್‌ಗಳೇ ಮೇಲೆ ಬರುತ್ತವೆ. ಮೂಲ ಯಾವುದು ಅಂತ ಹೊಸಬರಿಗೆ ಗೊತ್ತಾಗುವುದೇ ಇಲ್ಲ. ರುಚಿ ನೋಡಲು ಸ್ಟ್ರೀಮಿಂಗ್ ಸಾಕು. ಮನಸ್ಸಿಗೆ ಹತ್ತಿದ್ದನ್ನು ಕೊಂಡು ಫೈಲ್ ಇಟ್ಟುಕೊಳ್ಳಿ. ಸಿಡಿ ಆದರೆ ಬಂದ ದಿನವೇ ಕಂಪ್ಯೂಟರಿಗೆ ಹಾಕಿ ಪ್ರತಿ ಮಾಡಿ. ಸಂಗೀತ ಮಾಡಿದವರ ಹೆಸರನ್ನೂ ಟ್ಯಾಗ್‌ನಲ್ಲಿ ನೀವೇ ಸರಿಯಾಗಿ ತುಂಬಿ. ಎಷ್ಟೋ ಕಡೆ ಆ ಜಾಗದಲ್ಲಿ ಬರೀ ಕಂಪನಿಯ ಹೆಸರಿರುತ್ತದೆ. ನನಗೆ ಇದು ತುಂಬ ನೋವು ಕೊಡುವ ವಿಷಯ.

ಸ್ಟಾರ್ ಕೊಡಲೇಬೇಕು ಅಂದರೆ, ಕ್ರೋನೋ ಟ್ರಿಗರ್‌ಗೆ ಐದಕ್ಕೆ ಐದು. ಜರ್ನಿಗೆ ನಾಲ್ಕೂವರೆ, ಒಂದು ಗಂಟೆ ಬಿಡುವಿಲ್ಲದ ದಿನ ಅದನ್ನು ಮುಟ್ಟುವ ಹಾಗಿಲ್ಲ. ಮೈನ್‌ಕ್ರಾಫ್ಟ್‌ಗೆ ನಾಲ್ಕು. ಅದನ್ನು ಕೇಳುವಾಗ ಪ್ರತಿ ಟ್ರ್ಯಾಕ್ ನಡುವೆ ನಾನೇ ಮೂರು ನಿಮಿಷದ ಮೌನ ಸೇರಿಸಿಕೊಂಡಿದ್ದೇನೆ. ಹಾಗೆ ಕೇಳಿದಾಗ ಅದಕ್ಕೂ ಐದು.