ಟಿವಿಎಸ್ ಎಕ್ಸೆಲ್‌ಗೆ ರಿಸೋಲ್ ಟೈರ್: ಹಿಂದಕ್ಕೆ ಸರಿ, ಮುಂದಕ್ಕೆ ಬೇಡ

ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಎಕ್ಸೆಲ್‌ನಲ್ಲಿ ಮೊದಲು ಬೋಳಾಗುವುದು ಹಿಂದಿನ ಟೈರೇ. ಅಳತೆ 2.50-16; ಪಕ್ಕದಲ್ಲಿ 41ಎಲ್ ಎಂದಿದ್ದರೆ ಹೊಸದರಲ್ಲಿ ಅದು ತಾಳುವ ಭಾರ 145 ಕೆ.ಜಿ. ರಿಸೋಲ್ ಮಾಡಿದ್ದಕ್ಕೆ, ಅಂದರೆ ಸವೆದ ಟೈರಿನ ಮೇಲೆ ಹೊಸ ರಬ್ಬರ್ ಕೂರಿಸಿದ್ದಕ್ಕೆ, ಅಷ್ಟು ಹೊರಿಸಬೇಡಿ. ಊರೊಳಗೆ 40ರ ವೇಗ ದಾಟದೆ ಓಡುವ ಗಾಡಿಗೆ ಇದು ಸಾಕು. ಮುಂದಿನ ಚಕ್ರಕ್ಕೆ ಪುಕ್ಕಟೆ ಕೊಟ್ಟರೂ ಬೇಡ. ಹಿಂದೆ ರಬ್ಬರ್ ಎದ್ದರೆ ಗಾಡಿ ಓಲಾಡುತ್ತದೆ, ಹೇಗೋ ನಿಲ್ಲಿಸಬಹುದು. ಮುಂದೆ ಎದ್ದರೆ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ.

ನಿಜವಾದ ತಕರಾರು ರಿಸೋಲ್‌ನದಲ್ಲ, ಆ ಹೆಸರಲ್ಲಿ ಮಾರುವ ಕಟಿಂಗ್ ಟೈರ್‌ನದು. ಬೋಳು ಟೈರಿಗೇ ಬಿಸಿ ಬ್ಲೇಡಿನಿಂದ ಗೆರೆ ಕೊರೆದು ಕಪ್ಪು ಪಾಲಿಶ್ ಹೊಡೆದಿರುತ್ತಾರೆ. ಗೆರೆಯ ತಳವನ್ನು ಉಗುರಿನಿಂದ ಕೆರೆದು ನೋಡಿ, ಟೈರಿನೊಳಗಿನ ನೂಲು ಇಣುಕಿದರೆ ಅಲ್ಲೇ ಬಿಟ್ಟುಬನ್ನಿ. ಅಚ್ಚಿನಲ್ಲಿ ಬೇಯಿಸಿದ ರಿಸೋಲ್‌ನಲ್ಲಾದರೆ ಸಾಮಾನ್ಯವಾಗಿ ರಬ್ಬರಿನ ಸಣ್ಣ ಕೂದಲು ಇರುತ್ತದೆ, ಭುಜದ (ಟೈರಿನ ಮೇಲ್ಮೈ ಪಕ್ಕಕ್ಕೆ ತಿರುಗುವ ಅಂಚಿನ) ಹತ್ತಿರ ಹೊಸ ರಬ್ಬರು ಹಳೆಯದಕ್ಕೆ ಕೂಡಿದ ಗೆರೆ ಕಾಣುತ್ತದೆ. ಆ ಗೆರೆಯುದ್ದಕ್ಕೂ ಹೆಬ್ಬೆರಳು ಒತ್ತಿಕೊಂಡು ಹೋಗಿ. ಎಲ್ಲಾದರೂ ತುಟಿ ಬಿಟ್ಟಿದ್ದರೆ ಬಫಿಂಗ್ (ಹಳೆಯ ರಬ್ಬರನ್ನು ಉಜ್ಜಿ ಒರಟು ಮಾಡುವುದು) ಸರಿಯಾಗಿಲ್ಲ, ಇಲ್ಲವೇ ಅಂಟಿನ ಸೊಲ್ಯೂಷನ್ ಒಣಗುವ ಮೊದಲೇ ರಬ್ಬರ್ ಕೂರಿಸಿದ್ದಾರೆ.

ಆಮೇಲೆ ಪಕ್ಕದ ನಾಲ್ಕು ಅಂಕಿ. 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ ಅಥವಾ ಅಂಕಿಯನ್ನೇ ಉಜ್ಜಿ ಅಳಿಸಿದ್ದರೆ ಬೇಡ. ಒಳಗೆ ಟಾರ್ಚ್ ಬಿಡಿ: ಪ್ಯಾಚ್, ಮಡಿಕೆ, ಬೀಡ್‌ನಲ್ಲಿ (ರಿಮ್ಮಿಗೆ ಕೂರುವ ಅಂಚಿನಲ್ಲಿ) ತಂತಿ ಕಂಡರೆ ಮೇಲಿನ ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ಎಷ್ಟು ಚೆಂದವಿದ್ದರೂ ಕೇಸಿಂಗ್, ಅಂದರೆ ಟೈರಿನ ಹಳೆಯ ಒಡಲು, ಸತ್ತಿದೆ.

ಬೆಲೆ ಹೊಸದರ ಅರ್ಧಕ್ಕಿಂತ ಹೆಚ್ಚು ಹೇಳಿದರೆ ಸ್ವಲ್ಪ ಸೇರಿಸಿ ಹೊಸದನ್ನೇ ಹಾಕಿಸಿ.

ಹಾಕಿಸುವಾಗ ಟ್ಯೂಬೂ ರಿಮ್ ಟೇಪೂ ಹೊಸದಿರಲಿ. ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಬಟನ್‌ಗೆ ತಾಗುವ ಹಾಗೆ ಪೆನ್ಸಿಲ್ ಹಿಡಿದು ಚಕ್ರ ತಿರುಗಿಸಿ, 3 ಮಿ.ಮೀ.ಗಿಂತ ಹೆಚ್ಚು ಉಬ್ಬುತಗ್ಗು ಕಂಡರೆ ಬಿಚ್ಚಿಸಿ ವಾಪಸ್ ಕೊಡಿ, ಗಾಡಿ ಓಡಿಸಿದ ಮೇಲೆ ಯಾರೂ ತಗೊಳ್ಳುವುದಿಲ್ಲ. ಗಾಳಿ ಕಡಿಮೆಯಾದರೆ ಟೈರ್ ಮಡಚಿ ಮಡಚಿ ಕಾಯುತ್ತದೆ, ಕಾದರೆ ಅಂಟು ಬಿಡುತ್ತದೆ. ವಾರಕ್ಕೊಮ್ಮೆ ಗೇಜ್ ಹಾಕಿಸಿ. ಮೊದಲ 50 ಕಿ.ಮೀ. ಆದ ಮೇಲೆ ಕೂಡುಗೆರೆಯನ್ನು ಇನ್ನೊಮ್ಮೆ ಸವರಿ ನೋಡಿ. ಗುಳ್ಳೆ ಎದ್ದಿದ್ದರೆ ಪಂಕ್ಚರ್ ಅಂಗಡಿಯವರು ಸೂಜಿ ಚುಚ್ಚಿ ಗಾಳಿ ಬಿಡೋಣ ಅನ್ನುತ್ತಾರೆ, ಕೇಳಬೇಡಿ. ಒಳಗೆ ಅಂಟು ಆಗಲೇ ಬಿಟ್ಟಿರುತ್ತದೆ.