ಮೊಲಕ್ಕೆ ಅಂತ ತರಿಸಿದ ಜೆಲ್ ಕೂಲಿಂಗ್ ಮ್ಯಾಟ್, ಒಂದು ಬೇಸಿಗೆ ಬಳಸಿದ್ಮೇಲೆ

ಐದಕ್ಕೆ ಎರಡು ಸ್ಟಾರ್ ಕೊಡ್ತೀನಿ, ಆ ಎರಡೂ ಮೊದಲನೇ ದಿನಕ್ಕೆ.

ನಮ್ಮನೇಲಿ ಗುಂಡ, ಚುಕ್ಕಿ ಅಂತ ಎರಡು ಮೊಲ ಇದಾವೆ. ಬಿಸಿಲು ಏರ್ತಿದ್ದಂಗೆ ನಾಯಿ ಬೆಕ್ಕು ಮೊಲ ಎಲ್ಲಕ್ಕೂ ಆಗತ್ತೆ ಅಂತ ಹಾಕಿದ್ದ ಈ ಮ್ಯಾಟ್ ತರಿಸ್ದೆ. ಕರೆಂಟ್ ಬೇಡ, ಫ್ರಿಜ್ಜಲ್ಲಿಡೋದೂ ಬೇಡ, ಮೇಲೆ ಮಲಗಿದ್ರೆ ಮೈ ಶಾಖನ ಒಳಗಿರೋ ಜೆಲ್ ಎಳ್ಕೊಳ್ಳತ್ತೆ ಅಷ್ಟೇ. ಚುಕ್ಕಿ ಅಂತೂ ಹಿಂಗಾಲು ಉದ್ದಕ್ಕೆ ಚಾಚಿ, ಹೊಟ್ಟೆ ಪೂರ್ತಿ ಮ್ಯಾಟಿಗೆ ಒತ್ಕೊಂಡು ಬಿದ್ಕೊಂಡ್ಳು, ನೋಡಿ ನಂಗೂ ಜೀವಕ್ಕೆ ತಂಪಾಯ್ತು. ಆದ್ರೆ ಅರ್ಧ ಗಂಟೆ ಬಿಟ್ಟು ನೋಡಿದ್ರೆ ಅವಳು ಎದ್ದು ಪಕ್ಕದ ಬರೀ ನೆಲದ ಮೇಲೆ ಮಲಗಿದಾಳೆ, ಮ್ಯಾಟ್ ಮುಟ್ಟಿದ್ರೆ ಬೆಚ್ಚಗಿದೆ. ರೂಮೇ ಕಾದಿರುವಾಗ ಜೆಲ್ ತಾನೇ ಎಷ್ಟೊತ್ತು ತಣ್ಣಗಿರತ್ತೆ ಹೇಳಿ.

ಮೂರನೇ ದಿನ ಗುಂಡ ಮೂಲೆ ಕಡಿದು ಹಾಕಿದ್ದ. ಅಂಚಲ್ಲಿ ಜೆಲ್ ಜಿನುಗ್ತಿತ್ತು, ಅವನ ಮೂತಿ ಕೂದಲಿಗೂ ಸ್ವಲ್ಪ ಅಂಟಿತ್ತು, ನನ್ ಎದೆ ಧಸಕ್ ಅಂತು, ಯಾಕಂದ್ರೆ ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ನುಂಗಿದ್ದು ಒಳಗೇ ಹೋಗ್ಬೇಕು. ತಕ್ಷಣ ಡಾಕ್ಟರ್ ಹತ್ರ ಎತ್ಕೊಂಡು ಓಡಿದ್ವಿ, ಪುಣ್ಯಕ್ಕೆ ಏನೂ ಆಗ್ಲಿಲ್ಲ. ಮೊಲದ ಹಲ್ಲು ಜೀವನ ಪೂರ್ತಿ ಬೆಳೀತಾನೇ ಇರತ್ತೆ, ಕಡಿಯೋದು ಅದರ ಗುಣ, ಅಂಥ ಪ್ರಾಣಿಗೆ ತೆಳು ಪ್ಲಾಸ್ಟಿಕ್ ಒಳಗೆ ಜೆಲ್ ತುಂಬಿ ಕೊಡೋದು ತಪ್ಪು ಅಂತಾನೇ ನಾನು ಹೇಳೋದು.

ಆಮೇಲೆ ಮನೇಲಿ ಉಳಿದಿದ್ದ ನೆಲದ ಟೈಲ್ಸ್ ಎರಡು ತೊಳೆದು, ಒಂದು ಫ್ರಿಜ್ಜಲ್ಲಿ ಇನ್ನೊಂದು ಗೂಡಲ್ಲಿ ಇಟ್ಟು ಬದಲಾಯಿಸ್ತಾ ಬಂದೆ. ಕಡಿಯೋಕಾಗಲ್ಲ, ಉಚ್ಚೆ ಹೊಯ್ದ್ರೂ ಒರೆಸಿದ್ರೆ ಆಯ್ತು. ಮಧ್ಯಾಹ್ನದ ಹೊತ್ತು ಬಾಟ್ಲಿ ನೀರು ಗಟ್ಟಿ ಮಾಡಿ ಟವೆಲ್ ಸುತ್ತಿ ಪಕ್ಕದಲ್ಲಿಡ್ತೀನಿ, ಚುಕ್ಕಿ ಅದಕ್ಕೇ ಬೆನ್ನು ಕೊಟ್ಟು ಮಲಗೋದು. ಫ್ಯಾನ್ ಒಂದನ್ನೇ ನಂಬ್ಕೋಬೇಡಿ, ನಮ್ ಥರ ಬೆವರು ಆರಿ ತಂಪಾಗೋದು ಮೊಲಕ್ಕಿಲ್ಲ, ಅದರ ಮೈ ಶಾಖ ಹೆಚ್ಚಾಗಿ ಹೊರಗೆ ಹೋಗೋದು ಕಿವಿ ರಕ್ತನಾಳದಿಂದ. ಅದಕ್ಕೇ ಕೈ ಒದ್ದೆ ಮಾಡ್ಕೊಂಡು ಕಿವಿ ಹೊರಭಾಗ ಸವರ್ತೀನಿ, ಒಳಗೆ ನೀರು ಹೋಗದ ಹಾಗೆ.

ರೂಮ್ 26 ಡಿಗ್ರಿ ದಾಟಿದ್ರೆ ಕಣ್ಣಿಟ್ಟಿರಿ. ಕಿವಿ ಕೆಂಪಾಗಿ ಬಿಸಿಯಾಗಿ, ಜೋರಾಗಿ ಉಸಿರಾಡ್ತಾ ಜೊಲ್ಲು ಸುರಿಸ್ತಿದ್ರೆ ಕಿವಿ ಒದ್ದೆ ಮಾಡ್ತಾ ಡಾಕ್ಟರ್ ಹತ್ರ ಓಡಿ, ತಣ್ಣೀರಲ್ಲಿ ಮಾತ್ರ ಮುಳುಗಿಸ್ಬೇಡಿ, ಶಾಕ್ ಆಗತ್ತೆ.

ಮ್ಯಾಟ್ ಈಗಾಗ್ಲೇ ತಗೊಂಡಿದ್ರೆ ನೀವು ಎದುರಿಗೇ ಕೂತಿರೋ ಹೊತ್ತು ಮಾತ್ರ ಹಾಸಿ, ಎದ್ದು ಹೋಗುವಾಗ ತೆಗೆದಿಟ್ಟು ಹೋಗಿ.